ಒಂದು ಓಲೆಕಟ್ಟು, ಒಂದೇ ಖಾನೆ: ಗಣಿತವನ್ನು ಎಲ್ಲಿಡುವುದು?

ಹಳೆಯ ಗ್ರಂಥಗಳ ಪಟ್ಟಿ ಮಾಡುವವರಿಗೂ ಗಣಿತದ ಚರಿತ್ರೆ ಪಾಠ ಹೇಳುವವರಿಗೂ ಉಪಯೋಗಕ್ಕೆ ಬಂದೀತು ಎಂದು ಈ ಪ್ರಕರಣವನ್ನು ಬರೆದಿಡುತ್ತಿದ್ದೇನೆ. ಭಂಡಾರ ಯಾವುದು, ಯಾವ ಊರಿನದು, ಅಲ್ಲಿ ಕೂತು ಕೆಲಸ ಮಾಡಿದವರು ಯಾರು ಎಂಬುದನ್ನು ಬೇಕೆಂದೇ ಮರೆಸಿದ್ದೇನೆ. ಕಟ್ಟಿನ ಸಂಖ್ಯೆಯನ್ನೂ ಹೇಳುವುದಿಲ್ಲ. ನನ್ನ ತಪ್ಪುಗಳನ್ನು ಮಾತ್ರ ಮರೆಸಿಲ್ಲ.

ಹಿನ್ನೆಲೆ

ಆ ಭಂಡಾರದ ತಾಳೆಗರಿಯ ಓಲೆಕಟ್ಟುಗಳಲ್ಲಿ ಹೆಚ್ಚಿನವು ಕನ್ನಡ ಲಿಪಿಯವು. ಲಿಪಿ ಕನ್ನಡವಾದ ಮಾತ್ರಕ್ಕೆ ಭಾಷೆಯೂ ಕನ್ನಡವೇ ಆಗಬೇಕಿಲ್ಲ. ಸಂಸ್ಕೃತ, ಪ್ರಾಕೃತ, ಕನ್ನಡ ಮೂರೂ ಒಂದೇ ಕಟ್ಟಿನೊಳಗೆ ಒಂದೇ ವಠಾರದ ಬಾಡಿಗೆದಾರರ ಹಾಗೆ ಇರುತ್ತವೆ. ಹಿಂದೆ ಯಾರೋ ಪುಣ್ಯಾತ್ಮರು ಉದ್ದನೆಯ ದಫ್ತರದಲ್ಲಿ ಒಂದು ಪಟ್ಟಿ ಬರೆದಿಟ್ಟಿದ್ದರು. ಸಂಖ್ಯೆ, ಹೆಸರು, ಗರಿಗಳ ಎಣಿಕೆ, ವಿಷಯ ಎಂದು ನಾಲ್ಕು ಖಾನೆ. ಆ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸಿ, ಪ್ರತಿ ಗರಿಯ ಫೋಟೊ ತೆಗೆಯುವ ಕೆಲಸಕ್ಕೆ ನಾಲ್ವರ ತಂಡ ಕೂಡಿತು. ಗ್ರಂಥಪಾಲಕಿ ಒಬ್ಬರು, ಅವರನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ಸಂಸ್ಕೃತವನ್ನೂ ಜ್ಯೋತಿಷವನ್ನೂ ಕ್ರಮವಾಗಿ ಓದಿದ್ದ ಪಂಡಿತರು ಒಬ್ಬರು. ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ ಒಬ್ಬ. ಕಾಲೇಜಿನಲ್ಲಿ ಗಣಿತ ಪಾಠ ಮಾಡಿ ನಿವೃತ್ತನಾದ ನಾನೊಬ್ಬ. ಹಳೆಯ ಲಿಪಿಯನ್ನು ತಡವರಿಸಿಕೊಂಡು ಓದುತ್ತೇನೆ ಅನ್ನುವುದಷ್ಟೇ ನನ್ನ ಅರ್ಹತೆ.

ಕೆಲಸ ಸರಾಗವಾಗಿಯೇ ನಡೆಯುತ್ತಿತ್ತು. ನಡುವೆ ಹೊರಗಿನ ಸಂಶೋಧಕರೊಬ್ಬರು ಪತ್ರ ಬರೆದರು: ನಿಮ್ಮಲ್ಲಿರುವ ಗಣಿತದ ಹಸ್ತಪ್ರತಿಗಳ ಪಟ್ಟಿ ಬೇಕು. ಹುಡುಗ 'ಗಣಿತ' ಎಂದು ಒತ್ತಿ ಹುಡುಕಿದ. ಬೆರಳಲ್ಲಿ ಎಣಿಸುವಷ್ಟು ಬಂತು. ಅದನ್ನೇ ಕಳಿಸಿದೆವು. ಎರಡು ವಾರವೂ ಕಳೆದಿರಲಿಲ್ಲ, ಫೋಟೊಗೆಂದು ಬಿಚ್ಚಿದ ಒಂದು ಕಟ್ಟಿನ ತುಂಬ ಗುಣಾಕಾರ, ಬಡ್ಡಿ, ಹಣ್ಣಿನ ರಾಶಿ! ದಫ್ತರದಲ್ಲಿ ಅದರ ಮುಂದೆ ಬರೆದಿದ್ದದ್ದು ಎರಡೇ ಮಾತು: 'ಜ್ಯೋತಿಷ್ಯ, ಅಸಮಗ್ರ'.

ಕಟ್ಟಿನೊಳಗೆ ಏನಿತ್ತು

ಮೊದಲ ಗರಿಗಳು ಇಲ್ಲ. ಮಂಗಳ ಪದ್ಯವಿಲ್ಲ, ಕರ್ತೃವಿನ ಹೆಸರಿಲ್ಲ. ಸಂಸ್ಕೃತ ಶ್ಲೋಕ, ಅದರ ಕೆಳಗೆ ಕನ್ನಡ ಟೀಕೆ ಅಂದರೆ ವಿವರಣೆ, ಮತ್ತೆ ಶ್ಲೋಕ, ಹೀಗೆ ಸಾಗುತ್ತದೆ. ಗುಣಾಕಾರ, ಭಾಗಾಕಾರ, ವರ್ಗ, ವರ್ಗಮೂಲ ಬಂದು, ನಡುವೆ ಗರಿಗಳು ಕಳೆದುಹೋಗಿ, ಮತ್ತೆ ಸಿಗುವಾಗ ಬಡ್ಡಿ, ಬಂಗಾರದ ಬಣ್ಣ ಅಂದರೆ ಅದರ ಶುದ್ಧತೆ, ಹಣ್ಣು ಹಂಚುವ ಲೆಕ್ಕ. ಅದಾದ ಮೇಲೆ ನಾಲ್ಕಾರು ಗರಿಗಳಲ್ಲಿ ಅಕ್ಷರವೇ ಇಲ್ಲ, ಬರೀ ಲಘು ಗುರುಗಳ ಸಾಲು. ಆಮೇಲೆ ಕನ್ನಡದಲ್ಲಿ ಕೆರೆ ತೋಡುವ, ಹೊಲ ಅಳೆಯುವ ಲೆಕ್ಕ. ಕೋಲು, ಖಂಡುಗ, ಕೊಳಗ ಎಂಬ ಮಾತುಗಳು. ಅದರ ಹಿಂದೆ ತಿಥಿ ವಾರಗಳ ಕೋಷ್ಟಕ. ಕೊನೆಗೆ ಜಾತಕಫಲ ಹೇಳುವ ಕೆಲವು ಕಂದಪದ್ಯ, ಅವುಗಳಲ್ಲೊಂದರಲ್ಲಿ 'ಶ್ರೀಧರ' ಎಂಬ ಹೆಸರು.

ತಂತ್ರಾಂಶದಲ್ಲಿ ಒಂದು ಕಟ್ಟಿಗೆ ಒಂದೇ ವಿಷಯ. ಪಟ್ಟಿಯಿಂದ ಒಂದನ್ನು ಆರಿಸಬೇಕು: ಗಣಿತ, ಖಗೋಳ, ಜ್ಯೋತಿಷ್ಯ, ಛಂದಸ್ಸು, ಜೈನ ಸಾಹಿತ್ಯ ಹೀಗೆ. ಎರಡನ್ನು ಒತ್ತಿದರೆ ಕೆಂಪು ಗೆರೆ.

ಮೊದಲ ತಿರುವು: ದಾರ ಕತ್ತರಿಸುವ ಮಾತು

ಹುಡುಗ ಸುಲಭದ ದಾರಿ ಹೇಳಿದ. "ಸಾರ್, ಐದು ಕಟ್ಟು ಮಾಡಿಬಿಡೋಣ. ಐದು ನಂಬರ್ ಕೊಟ್ರೆ ಮುಗೀತು." ನಾನು ಹೂಂ ಅಂದೆ. ಈಗ ನೆನೆದರೆ ನಾಚಿಕೆಯಾಗುತ್ತದೆ, ಆಗ ಮಾತ್ರ ಅದೇ ಜಾಣತನ ಅನ್ನಿಸಿತ್ತು. ಗಣಿತದವನಿಗೆ ಗಣಿತದ ಗರಿ ಸಿಕ್ಕರೆ ಸಾಕು, ಉಳಿದದ್ದು ಯಾರ ಪಾಲಿಗಾದರೂ ಹೋಗಲಿ.

ಮೇಡಂ ಒಪ್ಪಲಿಲ್ಲ. ಗರಿಗಳನ್ನು ಬೆಳಕಿಗೆ ಹಿಡಿದು ತೋರಿಸಿದರು. ಎಲ್ಲ ಗರಿಗಳ ಅಗಲ ಒಂದೇ. ದಾರದ ತೂತು ಒಂದೇ ನೇರಕ್ಕೆ ಬೀಳುತ್ತದೆ. ಟೀಕೆ ಬರೆದ ಕೈಯೇ ಕೆರೆಯ ಲೆಕ್ಕವನ್ನೂ ಬರೆದಿದೆ. 'ಳ'ಕಾರದ ಬಾಲ ಎರಡೂ ಕಡೆ ಒಂದೇ ಬಗೆ. "ಇದು ಐದು ಪುಸ್ತಕ ಸೇರಿಹೋಗಿದ್ದಲ್ಲ ಸಾರ್, ಒಬ್ಬ ಮನುಷ್ಯನ ಚೀಲ ಇದು" ಎಂದರು.

ಆ ಒಂದು ಮಾತು ಪ್ರಕರಣದ ದಿಕ್ಕನ್ನೇ ಬದಲಿಸಿತು. ಬಡ್ಡಿಯ ಲೆಕ್ಕ, ಕೆರೆಯ ಮಣ್ಣಿನ ಲೆಕ್ಕ, ತಿಥಿ, ಜಾತಕ, ಪದ್ಯದ ಪ್ರಸ್ತಾರ, ಇಷ್ಟೂ ಒಬ್ಬನಿಗೇ ಬೇಕಾಗಿತ್ತು. ಊರ ಲೆಕ್ಕ ಬರೆಯುತ್ತ ನಾಲ್ಕು ಹುಡುಗರಿಗೆ ಪಾಠವನ್ನೂ ಹೇಳುತ್ತಿದ್ದವನಿರಬಹುದು. ಕಟ್ಟನ್ನು ಒಡೆದಿದ್ದರೆ ಗ್ರಂಥಗಳೇನೋ ಉಳಿಯುತ್ತಿದ್ದವು, ಅವು ಯಾವುದರ ಪಕ್ಕ ಯಾವುದಿತ್ತು ಎಂಬುದು ಹೋಗಿಬಿಡುತ್ತಿತ್ತು. ಫೋಟೊ ತೆಗೆದ ಮೇಲೆ ಅದೇ ಕ್ರಮದಲ್ಲಿ ಮತ್ತೆ ಕಟ್ಟಿಡುವುದೆಂದು ತೀರ್ಮಾನವಾಯಿತು. ವಿಷಯದ ಖಾನೆ ಖಾಲಿಯೇ ಉಳಿಯಿತು.

ಗ್ರಂಥ ಯಾವುದೆಂದು ಗೊತ್ತಾದದ್ದು

ಗುಣಾಕಾರದ ಭಾಗದಲ್ಲಿ ಒಂದು ಗರಿಯ ಟೀಕೆಯ ನಡುವೆ ಚಿಕ್ಕ ಸುತ್ತುಗಳ ಸಾಲಿತ್ತು, ಎರಡು ತುದಿಗೂ ಒಂದೊಂದು ಗುರುತು. ಹುಡುಗ ವಿವರಣೆಯಲ್ಲಿ 'ಅಲಂಕಾರ, ಹೂಬಳ್ಳಿ' ಎಂದು ತುಂಬಿಸಿದ್ದ. ನಾನೂ ಎರಡು ಸಲ ಅದರ ಮೇಲೆ ಕಣ್ಣು ಹಾಯಿಸಿ ಮುಂದೆ ಹೋಗಿದ್ದೆ. ಮೂರನೇ ಸಲ ಎಣಿಸಿದೆ. ಈ ಕಡೆ ಒಂದು, ಆ ಕಡೆ ಒಂದು, ನಡುವೆ ಎಂಟು ಸೊನ್ನೆ. ಬಳ್ಳಿಯಲ್ಲ, ಸಂಖ್ಯೆ: 1000000001.

ಅಲ್ಲಿಂದ ಮುಂದೆ ಕಷ್ಟವಾಗಲಿಲ್ಲ. 142857143ನ್ನು 7ರಿಂದ ಗುಣಿಸಿದರೆ ಬರುವುದು ಇದೇ. ಗಣಿತಜ್ಞ ಮಹಾವೀರಾಚಾರ್ಯರ ಗಣಿತಸಾರಸಂಗ್ರಹದಲ್ಲಿ ಗುಣಾಕಾರಕ್ಕೆ ಕೊಟ್ಟ ಉದಾಹರಣೆಗಳಲ್ಲಿ ಹೀಗೆ ಉತ್ತರ ಹಾರದಂತೆ ಪೋಣಿಸಿಕೊಂಡು ಬರುವ ಲೆಕ್ಕಗಳಿವೆ. 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳ ಸಾಲು. 27994681ನ್ನು 441ರಿಂದ ಗುಣಿಸಿದರೆ 12345654321, ಎಡದಿಂದ ಓದಿದರೂ ಬಲದಿಂದ ಓದಿದರೂ ಅದೇ. ಸೊನ್ನೆಗಳ ಈ ಹಾರವನ್ನು ಆಚಾರ್ಯರು ರಾಜನ ಕಂಠಾಭರಣ ಎನ್ನುತ್ತಾರೆ. ಹೂಬಳ್ಳಿ ಎಂದುಕೊಂಡ ಹುಡುಗನದು ಪೂರ್ತಿ ತಪ್ಪೂ ಅಲ್ಲ ಅನ್ನಿ.

1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಮಾಡಿಸಿದ ಪುಸ್ತಕವನ್ನು ಪಕ್ಕಕ್ಕಿಟ್ಟುಕೊಂಡು ಶ್ಲೋಕಗಳನ್ನು ಹೊಂದಿಸಿದೆವು. ಮೊದಲ ತುಂಡು ಪರಿಕರ್ಮ ವ್ಯವಹಾರದ್ದು, ಅಂದರೆ ಮೂಲ ಕ್ರಿಯೆಗಳ ಅಧ್ಯಾಯದ್ದು; ಎರಡನೆಯದು ಮಿಶ್ರಕ ವ್ಯವಹಾರದ್ದು, ಬಡ್ಡಿ ಹಂಚಿಕೆಗಳಂಥ ಬೆರಕೆ ಲೆಕ್ಕಗಳ ಅಧ್ಯಾಯದ್ದು. ಕ್ರಿ.ಶ. 850ರ ಸುಮಾರಿನ ಗ್ರಂಥ. ಆರಂಭದಲ್ಲೇ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಸ್ತುತಿಯಿದೆ. ಕವಿರಾಜಮಾರ್ಗ ಹುಟ್ಟಿದ ಆಸ್ಥಾನವೂ ಇದೇ. ಕನ್ನಡಕ್ಕೆ ಲಕ್ಷಣ ಬರೆದದ್ದನ್ನು ಶಾಲೆಯಲ್ಲಿ ಓದಿಸುತ್ತೇವೆ, ಅದೇ ರಾಜನ ಕಾಲದಲ್ಲಿ ಲೆಕ್ಕಕ್ಕೂ ಒಂದು ಲಕ್ಷಣಗ್ರಂಥ ಬಂತೆಂಬುದನ್ನು ಗಣಿತದ ತರಗತಿಯಲ್ಲಿ ನಾನೇ ಮೂವತ್ತು ವರ್ಷ ಹೇಳಿರಲಿಲ್ಲ.

ಗ್ರಂಥ ಯಾವುದೆಂದು ತಿಳಿದ ಕೂಡಲೇ ತಕರಾರು ಮುಗಿಯಬೇಕಿತ್ತು. ನಿಜವಾದ ತಕರಾರು ಶುರುವಾದದ್ದೇ ಆಗ.

ಪ್ರಯತ್ನಗಳು

ಮೊದಲು ನಮ್ಮ ಕಾಲದ ಪದ್ಧತಿ. ಗ್ರಂಥಾಲಯಗಳು ಬಳಸುವ ಡ್ಯೂಯಿ ದಶಾಂಶ ವರ್ಗೀಕರಣದಲ್ಲಿ ಗಣಿತ 510, ಖಗೋಳ 520, ಫಲಜ್ಯೋತಿಷ ದೂರದ 133ರಲ್ಲಿ, ಭೂತಪ್ರೇತಗಳ ಬಳಿ. ತಿಥಿಯ ಕೋಷ್ಟಕವೂ ಜಾತಕದ ಪದ್ಯವೂ ಒಂದೇ ದಾರದಲ್ಲಿರುವಾಗ ಅವನ್ನು ಇಷ್ಟು ದೂರ ಓಡಿಸುವುದು ಹೇಗೆ? ಮೇಡಂ ನಡುವೆ ಎಸ್. ಆರ್. ರಂಗನಾಥನ್ ಅವರ ಕೋಲನ್ ವರ್ಗೀಕರಣದ ಮಾತು ತೆಗೆದರು. ಮದರಾಸಿನಲ್ಲಿ ಗಣಿತದ ಮೇಷ್ಟ್ರಾಗಿದ್ದು ಗ್ರಂಥಪಾಲಕರಾದವರು ಅವರು. 1933ರ ಆ ಪದ್ಧತಿಯಲ್ಲಿ ಖಗೋಳವಿಜ್ಞಾನ ಬರುವುದು ಗಣಿತದ ಒಳಗೇ. ಅದನ್ನು ಕೇಳಿ ಪಂಡಿತರ ಮುಖ ಅರಳಿತು. ಅವರಿಗೆ ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕಿತ್ತು.

"ಗಣಿತ ಅಂದ್ರೆ ಜ್ಯೋತಿಷದ ಒಂದು ಸ್ಕಂಧ, ಒಂದು ಕೊಂಬೆ ಕಣ್ರೀ. ಬೇರೆ ಕಪಾಟು ಯಾಕೆ ಬೇಕು?" ಎಂದರು. ಅವರ ವಾದ ಗಟ್ಟಿಯಾಗಿತ್ತು. ಆರನೇ ಶತಮಾನದ ವರಾಹಮಿಹಿರ ಜ್ಯೋತಿಷಕ್ಕೆ ಮೂರು ಸ್ಕಂಧ ಹೇಳುತ್ತಾನೆ: ಗ್ರಹಗತಿಯ ಲೆಕ್ಕದ ತಂತ್ರ, ಜಾತಕದ ಹೋರಾ, ಶಕುನ ಮಳೆ ಬೆಳೆಗಳ ಸಂಹಿತಾ. 499ರ ಆರ್ಯಭಟೀಯಕ್ಕೆ ನಾಲ್ಕು ಪಾದ, ಅದರಲ್ಲಿ ಗಣಿತಪಾದಕ್ಕೆ ದಕ್ಕಿದ್ದು 33 ಶ್ಲೋಕ. ಅದರ ಬೆನ್ನಿಗೇ ಕಾಲಕ್ರಿಯೆ ಮತ್ತು ಗೋಲ. ಭಿಲ್ಲಮಾಲದ ಬ್ರಹ್ಮಗುಪ್ತ 628ರಲ್ಲಿ ಬರೆದ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಗಣಿತ 12ನೇ ಅಧ್ಯಾಯ, ಕುಟ್ಟಕ ಎಂಬ ಸಮೀಕರಣದ ಲೆಕ್ಕ 18ನೇ ಅಧ್ಯಾಯ. ಉಳಿದದ್ದು ಹೆಚ್ಚಾಗಿ ಗ್ರಹಣ, ಉದಯಾಸ್ತ, ಗ್ರಹಯುತಿ. ಆ ಕಾಲದ ವಿದ್ವಾಂಸ ಗಣಿತ ಕಲಿಯುವುದು ಆಕಾಶದ ಲೆಕ್ಕಕ್ಕಾಗಿ. ದಫ್ತರದಲ್ಲಿ 'ಜ್ಯೋತಿಷ್ಯ' ಎಂದು ಬರೆದ ಹಿರಿಯರು ತಿಳಿಯದೆ ಬರೆದವರಲ್ಲ ಎಂದರು ಪಂಡಿತರು.

ಈ ಮಾತು ನನ್ನನ್ನು ಬಹಳ ಹೊತ್ತು ಹಿಡಿದಿಟ್ಟಿತು. ಆದರೆ ಗಣಿತಸಾರಸಂಗ್ರಹದ ಒಂಬತ್ತು ಅಧ್ಯಾಯಗಳನ್ನು ಮೊದಲಿಂದ ಕೊನೆಯವರೆಗೆ ಓದಿದರೂ ಗ್ರಹಸ್ಫುಟ ಮಾಡುವ, ಅಂದರೆ ಗ್ರಹ ಆಕಾಶದಲ್ಲಿ ಎಲ್ಲಿದೆ ಎಂದು ಲೆಕ್ಕ ಹಾಕುವ ಪಾಠ ಸಿಗುವುದಿಲ್ಲ. ಸಂಜ್ಞೆ, ಪರಿಕರ್ಮ, ಕಲಾಸವರ್ಣ ಅಂದರೆ ಭಿನ್ನರಾಶಿ, ಪ್ರಕೀರ್ಣಕ, ತ್ರೈರಾಶಿಕ, ಮಿಶ್ರಕ, ಕ್ಷೇತ್ರಗಣಿತ, ಖಾತ, ಛಾಯಾ. ಕೊನೆಯ ಛಾಯೆಯಲ್ಲಿ ಶಂಕು ನೆಟ್ಟು ನೆರಳಿನಿಂದ ಹೊತ್ತು ತಿಳಿಯುವ ಮಾತಿದೆ, ಅಷ್ಟೇ. ಶ್ರೀಧರಾಚಾರ್ಯರ ಪಾಟೀಗಣಿತವೂ ಹೀಗೆಯೇ, ತನ್ನ ಕಾಲ ಮೇಲೆ ತಾನು ನಿಂತ ಗಣಿತ. ಜ್ಯೋತಿಷದ ಮನೆಯಿಂದ ಗಣಿತ ಪಾಲು ಕೇಳಿ ಹೊರಬಂದ ಕಾಲ ಅದು. ಹೊರಬಂದವನನ್ನು ಮತ್ತೆ ತಂದೆಯ ಮನೆಯ ಪಡಿತರ ಚೀಟಿಗೆ ಸೇರಿಸಲು ನನ್ನ ಮನಸ್ಸು ಒಪ್ಪಲಿಲ್ಲ.

ಮೂರನೆಯ ಪ್ರಯತ್ನಕ್ಕೆ ಜೈನಾಗಮ ಓದಿದ ಹಿರಿಯರೊಬ್ಬರನ್ನು ಕರೆಸಿದೆವು. ಕರ್ತೃ ಜೈನರು, ಶಾಸ್ತ್ರವೂ ಜೈನ ವಿಂಗಡಣೆಗೆ ಬರಲಿ ಎಂಬ ಆಸೆ. ಅವರು ವಿವರಿಸಿದ್ದು ಹೀಗೆ. ದಿಗಂಬರರಲ್ಲಿ ಪ್ರಥಮ, ಕರಣ, ಚರಣ, ದ್ರವ್ಯ ಎಂದು ನಾಲ್ಕು ಅನುಯೋಗ, ಅಂದರೆ ಶಾಸ್ತ್ರದ ವಿಭಾಗ. ಲೋಕದ ಅಳತೆ, ಎಣಿಕೆಗಳು ಕರಣಾನುಯೋಗದಲ್ಲಿ. ಶ್ವೇತಾಂಬರರು ಅದಕ್ಕೆ ನೇರವಾಗಿ ಗಣಿತಾನುಯೋಗ ಎಂದೇ ಹೆಸರಿಟ್ಟಿದ್ದಾರೆ. ಎಣಿಕೆ ಇಲ್ಲಿ ಧರ್ಮದ ಒಂದು ಅಂಗ. ಲೋಕದ ರಚನೆಯನ್ನು ಹೇಳುವ ತಿಲೋಯಪಣ್ಣತ್ತಿ ಎಂಬ ಪ್ರಾಕೃತ ಗ್ರಂಥದಲ್ಲಿ ಜಂಬೂದ್ವೀಪದ ಪರಿಧಿ ಬರುತ್ತದೆ. ರಾಷ್ಟ್ರಕೂಟರ ಕಾಲದ ವೀರಸೇನಾಚಾರ್ಯರ ಧವಲಾ ಟೀಕೆಯಲ್ಲಿ, ಅದರ ಓಲೆಪ್ರತಿಗಳನ್ನು ಕಾಪಾಡಿಕೊಂಡು ಬಂದದ್ದು ನಮ್ಮ ಮೂಡಬಿದಿರೆ, 'ಅರ್ಧಚ್ಛೇದ' ಎಂಬ ಮಾತಿದೆ: ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಿದರೆ ಒಂದಕ್ಕೆ ಬರುತ್ತದೆ ಎಂಬ ಎಣಿಕೆ. 32ರ ಅರ್ಧಚ್ಛೇದ 5. ಇಂದಿನ ಹುಡುಗರು ಇದನ್ನು ಎರಡರ ಆಧಾರದ ಲಾಗರಿದಮ್ ಎಂದು ಕಲಿಯುತ್ತಾರೆ.

ಹಿರಿಯರಿಗೆ ಮಿಶ್ರಕದ ಗರಿಗಳನ್ನು ತೋರಿಸಿದೆ. ಅಸಲು, ಬಡ್ಡಿ, ತಿಂಗಳು. ಅವರು ನಕ್ಕುಬಿಟ್ಟರು. "ಬಡ್ಡಿ ಲೆಕ್ಕ ತಗೊಂಡು ಕರಣಾನುಯೋಗಕ್ಕೆ ಸೇರಿಸಿದ್ರೆ ಆಚಾರ್ಯರು ಒಪ್ಕೊಂತಾರೇನ್ರಿ?" ಎಂದರು. ಹಾಗೆಂದು ಜೈನ ಎಂಬುದನ್ನು ಬಿಟ್ಟುಬಿಡುವಂತೆಯೂ ಇರಲಿಲ್ಲ. ಈ ಗ್ರಂಥದಲ್ಲಿ ಸಂಖ್ಯೆಗಳನ್ನು ವಸ್ತುಗಳ ಹೆಸರಿನಿಂದ ಹೇಳುವಾಗ 'ತತ್ತ್ವ' ಎಂದರೆ 7, ಜೈನರ ಏಳು ತತ್ತ್ವ. ಪಂಡಿತರು ಅಭ್ಯಾಸಬಲದಿಂದ ಸಾಂಖ್ಯದ 25 ಎಂದು ಓದುತ್ತಿದ್ದರು. 'ರತ್ನ' ಎಂದರೆ ಇಲ್ಲಿ ರತ್ನತ್ರಯದ 3. ಕರ್ತೃವಿನ ಮತ ಗೊತ್ತಿಲ್ಲದೆ ಓದಿದರೆ ಕೂಡುವ ಲೆಕ್ಕವೂ ಕೂಡುವುದಿಲ್ಲ.

ಹಿರಿಯರು ಹೊರಡುವ ಮುನ್ನ ಸ್ಥಾನಾಂಗಸೂತ್ರ ಎಂಬ ಜೈನಾಗಮದ ಒಂದು ಪಟ್ಟಿ ಬಾಯಲ್ಲೇ ಹೇಳಿದರು. ಸಂಖ್ಯಾನ, ಅಂದರೆ ಲೆಕ್ಕದ ವಿದ್ಯೆ, ಹತ್ತು ಬಗೆ: ಪರಿಕರ್ಮ, ವ್ಯವಹಾರ, ರಜ್ಜು, ರಾಶಿ, ಕಲಾಸವರ್ಣ, ಯಾವತ್‌ತಾವತ್, ವರ್ಗ, ಘನ, ವರ್ಗವರ್ಗ, ವಿಕಲ್ಪ. ಮೊದಲ ಎರಡು ಹೆಸರು ಕಿವಿಗೆ ಬಿದ್ದಾಗ ಪಂಡಿತರೂ ನಾನೂ ಒಬ್ಬರ ಮುಖ ಒಬ್ಬರು ನೋಡಿದೆವು.

ಎರಡನೇ ತಿರುವು: ಪರಿಕರ್ಮ, ವ್ಯವಹಾರ

ಬ್ರಹ್ಮಗುಪ್ತ ತನ್ನ ಗಣಿತಾಧ್ಯಾಯವನ್ನು ಆರಂಭಿಸುವುದೇ ಹೀಗೆ: ಸಂಕಲಿತ ಮೊದಲಾದ ಇಪ್ಪತ್ತು ಪರಿಕರ್ಮಗಳನ್ನೂ ಛಾಯೆ ಕೊನೆಯಾದ ಎಂಟು ವ್ಯವಹಾರಗಳನ್ನೂ ಬಿಡಿಬಿಡಿಯಾಗಿ ಬಲ್ಲವನೇ ಗಣಕ. ಸಂಖ್ಯೆ ಯಾವ ಜಾತಿಯದು ಎಂದು ಅವನು ಕೇಳುವುದಿಲ್ಲ. ಲೆಕ್ಕಿಗನಿಗೆ ಏನೇನು ಮಾಡಲು ಬರಬೇಕು ಎನ್ನುವುದರಿಂದ ಶಾಸ್ತ್ರವನ್ನು ಕಟ್ಟುತ್ತಾನೆ. ಪರಿಕರ್ಮ ಎಂದರೆ ಕೈಗೆ ಕೂರಬೇಕಾದ ಕ್ರಿಯೆ: ಕೂಡುವುದು, ಕಳೆಯುವುದು, ಗುಣಿಸುವುದು, ಮೂಲ ತೆಗೆಯುವುದು, ಭಿನ್ನರಾಶಿಯ ಐದು ಜಾತಿ, ತ್ರೈರಾಶಿಕದಿಂದ ಏಕಾದಶರಾಶಿಕದವರೆಗೆ, ವಸ್ತುವಿಗೆ ವಸ್ತು ಬದಲಿಸುವ ಭಾಂಡಪ್ರತಿಭಾಂಡ. ವ್ಯವಹಾರ ಎಂದರೆ ಆ ಕೈಯಿಂದ ಲೋಕದಲ್ಲಿ ಮಾಡುವ ಕೆಲಸ: ಮಿಶ್ರಕ, ಶ್ರೇಢಿ, ಕ್ಷೇತ್ರ, ಖಾತ, ಇಟ್ಟಿಗೆಯ ಚಿತಿ, ಗರಗಸದ ಕ್ರಾಕಚಿಕ, ಧಾನ್ಯದ ರಾಶಿ, ನೆರಳು. ಮರ ಕೊಯ್ಯುವುದು ಒಂದು ಗಣಿತಶಾಖೆ! ನಮ್ಮ ವಿಶ್ವವಿದ್ಯಾಲಯಗಳಲ್ಲಿ ಇದನ್ನು ಹೇಳಿದರೆ ನಗುತ್ತಾರೆ. ಆದರೆ ಕೊಯ್ದ ಮೇಲ್ಮೈಗೆ ತಕ್ಕ ಕೂಲಿ ಕೊಡಬೇಕಾದ ರಾಜ್ಯದಲ್ಲಿ ಅದು ನಗುವ ವಿಷಯವಾಗಿರಲಿಲ್ಲ.

ಮಹಾವೀರಾಚಾರ್ಯರು ಇದೇ ಕೀಲಿಯನ್ನು ಇಟ್ಟುಕೊಂಡು ಬಾಗಿಲನ್ನು ಸ್ವಲ್ಪ ಬದಲಿಸುತ್ತಾರೆ. ಸಂಜ್ಞಾಧ್ಯಾಯ ಬಿಟ್ಟರೆ ಉಳಿದ ಎಂಟೂ 'ವ್ಯವಹಾರ'ಗಳೇ, ಪರಿಕರ್ಮವೂ ಒಂದು ವ್ಯವಹಾರ. ಅವರ ಪರಿಕರ್ಮಗಳು ಎಂಟು, ಮೊದಲನೆಯದು ಗುಣಾಕಾರ. ಬಿಡಿ ಸಂಖ್ಯೆಗಳ ಕೂಡು ಕಳೆಗಳಿಗೆ ಅವರು ಪಾಠವನ್ನೇ ಇಡುವುದಿಲ್ಲ. ಸಂಕಲಿತ, ವ್ಯುತ್ಕಲಿತ ಎಂಬ ಹಳೆಯ ಹೆಸರುಗಳು ಅವರಲ್ಲಿ ಶ್ರೇಢಿಯ ಮೊತ್ತಕ್ಕೆ ಮೀಸಲು. ಓದುಗ ಅಷ್ಟನ್ನಾದರೂ ಕಲಿತು ಬಂದಿರಬೇಕು ಎಂಬುದು ಅವರ ಎಣಿಕೆ.

ಇಲ್ಲಿ ನನ್ನ ಎರಡನೆಯ ತಪ್ಪು ಬೆಳಕಿಗೆ ಬಂತು. ತಂತ್ರಾಂಶದಲ್ಲಿ ಗಣಿತದ ಕೆಳಗೆ ಅಂಕಗಣಿತ, ಬೀಜಗಣಿತ, ರೇಖಾಗಣಿತ ಎಂಬ ಒಳಖಾನೆಗಳಿದ್ದವು. ಮಿಶ್ರಕದ ಒಂದು ಲೆಕ್ಕ ಹೀಗಿದೆ: ಸಮನಾದ 63 ರಾಶಿ ಬಾಳೆಹಣ್ಣು, ಜೊತೆಗೆ ಬಿಡಿ ಹಣ್ಣು 7, 23 ಮಂದಿ ದಾರಿಹೋಕರು ಉಳಿಕೆಯಿಲ್ಲದೆ ಸಮನಾಗಿ ಹಂಚಿಕೊಂಡರು, ಒಂದು ರಾಶಿಯಲ್ಲಿ ಎಷ್ಟು ಹಣ್ಣು? ಒಂದು ರಾಶಿಗೆ 5 ಹಣ್ಣಾದರೆ ಒಟ್ಟು 322, ತಲೆಗೆ 14. ಇದು ಕುಟ್ಟಾಕಾರ ಅಥವಾ ಕುಟ್ಟಕ, ನಾವು ಅನಿರ್ದಿಷ್ಟ ಸಮೀಕರಣ ಎನ್ನುವುದು. ನಾನು ಯೋಚನೆಯನ್ನೇ ಮಾಡದೆ 'ಬೀಜಗಣಿತ' ಎಂದು ತುಂಬಿಸಿಬಿಟ್ಟಿದ್ದೆ.

ಪಂಡಿತರು ಮೂರು ಪುಸ್ತಕಗಳನ್ನು ಪಕ್ಕಪಕ್ಕ ತೆರೆದಿಟ್ಟರು. ಇದೇ ಕುಟ್ಟಕ ಆರ್ಯಭಟನಲ್ಲಿ ಗಣಿತಪಾದದ ಕಟ್ಟಕಡೆಯ ಎರಡು ಶ್ಲೋಕ. ಅದರ ಮುಂದೆ ಕಾಲಕ್ರಿಯೆ, ಅಂದರೆ ಗ್ರಹಗಳ ಲೆಕ್ಕಕ್ಕೆ ಹೊಸ್ತಿಲಲ್ಲಿ ನಿಂತಿದೆ. ಬ್ರಹ್ಮಗುಪ್ತನಲ್ಲಿ ಅದು ಒಂದು ಇಡೀ ಅಧ್ಯಾಯದ ಹೆಸರು, ಧನ ಋಣ ಶೂನ್ಯಗಳ ನಿಯಮ, ಅವ್ಯಕ್ತ ಅಂದರೆ ಗೊತ್ತಿಲ್ಲದ ರಾಶಿ, ಸಮೀಕರಣ ಎಲ್ಲ ಅದರ ಹೊಟ್ಟೆಯಲ್ಲಿ. ಮಹಾವೀರರಲ್ಲಿ ಅದು ಬಡ್ಡಿ, ಬಂಗಾರಗಳ ಪಕ್ಕದಲ್ಲಿ ಹಣ್ಣಿನ ಅಂಗಡಿ ಇಟ್ಟಿದೆ. ಒಂದೇ ಉಪಾಯಕ್ಕೆ ಮೂವರು ಮೂರು ಮನೆ ಕೊಟ್ಟಿದ್ದಾರೆ, ಮೂವರಿಗೂ ಕಾರಣವಿದೆ. ನಾನು ಕೊಟ್ಟ ನಾಲ್ಕನೆಯ ಮನೆ ಈ ಮೂವರಲ್ಲಿ ಯಾರ ವಿಳಾಸವೂ ಅಲ್ಲ. ಹಾಗೆ ಒಡೆಯುವುದಾದರೂ ಆಗಿನವರು ಬೇರೆ ಕಡೆ ಒಡೆಯುತ್ತಿದ್ದರು: ಆರ್ಯಭಟೀಯಕ್ಕೆ 629ರಲ್ಲಿ ಭಾಷ್ಯ ಬರೆದ ಮೊದಲನೆಯ ಭಾಸ್ಕರ ಗಣಿತವನ್ನು ರಾಶಿಗಣಿತ, ಕ್ಷೇತ್ರಗಣಿತ ಎಂದು ಎರಡೇ ಮಾಡುತ್ತಾನೆ.

ಲಘು ಗುರುಗಳ ಗರಿಗಳೂ ಇದೇ ಹೊತ್ತಿಗೆ ಬಾಯಿಬಿಟ್ಟವು. ಅವು ಛಂದಸ್ಸಿನವು, ಇಲ್ಲಿಗೆ ತಪ್ಪಿ ಬಂದಿವೆ ಎಂದುಕೊಂಡಿದ್ದೆವು. ಅಚ್ಚಿನ ಪುಸ್ತಕದಲ್ಲಿ ಮಿಶ್ರಕದ ಕೊನೆಯನ್ನು ನೋಡಿದರೆ ಅಲ್ಲೇ ಇದೆ ಪ್ರಸ್ತಾರ, ನಷ್ಟ, ಉದ್ದಿಷ್ಟಗಳ ವಿಧಾನ: ಲಘು ಗುರುಗಳ ಎಲ್ಲ ಜೋಡಣೆಗಳನ್ನು ಸಾಲಾಗಿ ಬರೆಯುವುದು, ಇಷ್ಟನೆಯ ಸಾಲು ಯಾವುದೆಂದು ಹೇಳುವುದು, ಒಂದು ಸಾಲು ಎಷ್ಟನೆಯದೆಂದು ಹೇಳುವುದು. ಅದಕ್ಕೂ ಮುಂಚೆ ವಿಕಲ್ಪದ ಸೂತ್ರ: ಇಷ್ಟು ವಸ್ತುಗಳಿಂದ ಇಷ್ಟನ್ನು ಎಷ್ಟು ಬಗೆಯಲ್ಲಿ ಆರಿಸಬಹುದು. ಉದಾಹರಣೆಗೆ ಕೊಟ್ಟದ್ದು ಅಡುಗೆಮನೆಯನ್ನು: ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ ಸೇರಿ ಎಷ್ಟು ರುಚಿ? ಒಂದೊಂದಾಗಿ 6, ಎರಡೆರಡಾಗಿ 15, ಮೂರು ಮೂರಾಗಿ 20, ಮತ್ತೆ 15, 6, 1. ಒಟ್ಟು 63. ಕಟ್ಟು ಕಟ್ಟಿದವನು ಗರಿಗಳನ್ನು ತಪ್ಪಿ ಸೇರಿಸಿರಲಿಲ್ಲ, ಮಿಶ್ರಕ ಮುಗಿದ ಕಡೆ ಪ್ರಸ್ತಾರ ಇಟ್ಟಿದ್ದ. ಅವನಿಗೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ.

ಲ್ಯಾಟಿನ್ ಯುರೋಪಿನಲ್ಲಿ ಆರನೇ ಶತಮಾನದ ಬೊಯೀಥಿಯಸ್‌ನಿಂದ ಮುಂದಕ್ಕೆ ಗಣಿತವಿದ್ಯೆಗಳು ನಾಲ್ಕು: ಅಂಕಗಣಿತ, ರೇಖಾಗಣಿತ, ಸಂಗೀತ, ಖಗೋಳ. ಅಲ್ಲಿ ವೀಣೆಯ ತಂತಿ ಗಣಿತದ ಒಳಗೆ, ಬಡ್ಡಿ ಹೊರಗೆ. ಇಲ್ಲಿ ಬಡ್ಡಿ ಒಳಗೆ, ವೀಣೆಗೆ ಬೇರೆ ಶಾಸ್ತ್ರ, ಪದ್ಯದ ಮಾತ್ರೆ ಮಾತ್ರ ಒಳಗೆ. ಅಲ್ಲಿಯ ನಾಲ್ಕು ಕಪಾಟಿಗೆ ನಮ್ಮ ಕಟ್ಟನ್ನು ತುರುಕಿದ್ದರೂ ದಾರ ಕತ್ತರಿಸಲೇಬೇಕಾಗುತ್ತಿತ್ತು.

ಏನು ಮಾಡಿದೆವು, ಏನಾಯಿತು

ಗ್ರಂಥದ ಮೊದಲ ಅಧ್ಯಾಯದಲ್ಲಿ, ನಮ್ಮ ಕಟ್ಟಿನಲ್ಲಿ ಕಳೆದುಹೋದ ಗರಿಗಳಲ್ಲಿ, ಗಣಿತದ ಪ್ರಶಂಸೆ ಬರುತ್ತದೆ. ಲೌಕಿಕ, ವೈದಿಕ, ಸಾಮಯಿಕ (ಮತಧರ್ಮದ) ಯಾವ ವ್ಯಾಪಾರವಿದ್ದರೂ ಅಲ್ಲೆಲ್ಲ ಸಂಖ್ಯಾನ ಬೇಕು. ಕಾಮತಂತ್ರ, ಅರ್ಥಶಾಸ್ತ್ರ, ಸಂಗೀತ, ನಾಟಕ, ಸೂಪಶಾಸ್ತ್ರ, ವೈದ್ಯ, ವಾಸ್ತು, ಛಂದಸ್ಸು, ಅಲಂಕಾರ, ತರ್ಕ, ವ್ಯಾಕರಣ ಎಂದು ಸಾಲು ಹಿಡಿದು, ಹೆಚ್ಚು ಮಾತೇಕೆ, ಮೂರು ಲೋಕದ ಚರಾಚರದಲ್ಲಿ ಗಣಿತವಿಲ್ಲದ ವಸ್ತುವೇ ಇಲ್ಲ ಎನ್ನುತ್ತಾರೆ. ಇದನ್ನು ಹಿಂದೆಯೂ ಓದಿದ್ದೆ, ಗ್ರಂಥಕರ್ತರು ತಮ್ಮ ಶಾಸ್ತ್ರವನ್ನು ಹೊಗಳಿಕೊಳ್ಳುವ ವಾಡಿಕೆ ಎಂದು ಬಿಟ್ಟಿದ್ದೆ. ಈಗ ಪಟ್ಟಿ ಮಾಡುವವನ ಕಣ್ಣಿನಿಂದ ಓದಿದಾಗ ಅದು ಹೊಗಳಿಕೆಯಾಗಿ ಕಾಣಲಿಲ್ಲ, ಕಪಾಟುಗಳ ಪಟ್ಟಿಯಾಗಿ ಕಂಡಿತು. ಗಣಿತಕ್ಕೆ ಒಂದು ಕಪಾಟು ಕೊಡಿ ಎಂದು ಆಚಾರ್ಯರು ಕೇಳುತ್ತಿಲ್ಲ. ಎಲ್ಲ ಕಪಾಟಿನಲ್ಲೂ ಹುಡುಕಿ ಎನ್ನುತ್ತಿದ್ದಾರೆ.

ಹಾಗಾಗಿ 'ವಿಷಯ' ಎಂಬ ಒಂದು ಖಾನೆಯ ಭಾರ ಇಳಿಸಿದೆವು. ಕಟ್ಟಿಗೆ ಒಂದೇ ಸಂಖ್ಯೆ, ಒಳಗಿನ ತುಂಡುಗಳಿಗೆ ಅ, ಆ, ಇ ಎಂಬ ಬಾಲ. ಪ್ರತಿ ತುಂಡಿಗೂ ಗ್ರಂಥ ತನ್ನನ್ನು ತಾನು ಕರೆದುಕೊಂಡ ಹೆಸರು ಮೊದಲು: 'ಮಿಶ್ರಕ ವ್ಯವಹಾರ, ಕುಟ್ಟಾಕಾರ' ಎಂದು. ಇಂದಿನವರು ಹುಡುಕುವ ಮಾತು ಅದರ ಪಕ್ಕ, ಅದರ ಬದಲಿಗಲ್ಲ. ಯಾವ ಪರಂಪರೆಯದು, ಯಾರ ಕೆಲಸಕ್ಕೆ ಬರುವಂಥದು, ಹಿಂದೆ ಮುಂದೆ ಯಾವ ತುಂಡಿದೆ ಎಂಬುದಕ್ಕೂ ಜಾಗ. ತಂತ್ರಾಂಶದವರು ಎರಡು ವಿಷಯ ಒತ್ತಲು ಕೊನೆಗೂ ಬಿಡಲಿಲ್ಲ; ಎಲ್ಲವನ್ನೂ 'ಷರಾ' ಎಂಬ ಖಾನೆಗೆ ತುಂಬಿಸಿ ಅಲ್ಲಿಂದ ಹುಡುಕುವ ವ್ಯವಸ್ಥೆಯನ್ನು ಹುಡುಗನೇ ಮಾಡಿಕೊಟ್ಟ. ಅಂದವಾಗಿಲ್ಲ, ನಡೆಯುತ್ತದೆ.

ಒಂದು ತಪ್ಪು ಪಟ್ಟಿಯೊಳಗೆ ಹೋಗಿಬಿಟ್ಟಿತ್ತು. ಜಾತಕದ ಪದ್ಯಗಳಲ್ಲಿ 'ಶ್ರೀಧರ' ಎಂದು ಕಂಡದ್ದೇ ತಡ, ಗಣಿತದ ಗುಂಗಿನಲ್ಲಿದ್ದ ನಾವು ಅದನ್ನು ಪಾಟೀಗಣಿತದ ಶ್ರೀಧರರ ಹೆಸರಿಗೆ ಜೋಡಿಸಿದ್ದೆವು. ಪದ್ಯ ಕನ್ನಡದ ಕಂದ, ವಿಷಯ ಜಾತಕ ಎಂಬುದನ್ನು ತಿಂಗಳ ಮೇಲೆ ಪಂಡಿತರೇ ಎತ್ತಿ ಹೇಳಿದರು. ಕನ್ನಡದಲ್ಲಿ 1049ರಲ್ಲಿ ಜಾತಕತಿಲಕ ಬರೆದ ಶ್ರೀಧರಾಚಾರ್ಯ ಬೇರೆಯೇ ಇದ್ದಾನೆ. ಹೆಸರು ಒಂದಾದ ಮಾತ್ರಕ್ಕೆ ಅವನಿಗೂ ಜೋಡಿಸಿಬಿಡುವುದು ಬೇಡವೆಂದು 'ಶ್ರೀಧರನಾಮಾಂಕಿತ ಕಂದಗಳು' ಎಂದಷ್ಟೇ ಬರೆದು ನಿಲ್ಲಿಸಿದೆವು. ಕೆರೆ ಹೊಲಗಳ ಕನ್ನಡ ಲೆಕ್ಕದಲ್ಲೂ ಅದೇ ಎಚ್ಚರ. ಹನ್ನೆರಡನೇ ಶತಮಾನದ ರಾಜಾದಿತ್ಯ ಕನ್ನಡದಲ್ಲಿ ವ್ಯವಹಾರಗಣಿತ, ಕ್ಷೇತ್ರಗಣಿತಗಳನ್ನು ಬರೆದವನು, ಅವನ ಪುಸ್ತಕಗಳ ಹೆಸರಿನಲ್ಲೇ ಹಳೆಯ ವಿಂಗಡಣೆ ಕಾಣುತ್ತದೆ. ಕನ್ನಡದ ಲೆಕ್ಕ ಕಂಡಲ್ಲೆಲ್ಲ ಅವನ ಹೆಸರು ಬರೆಯುವ ಆಸೆ ನನಗಿತ್ತು. ಮೇಡಂ ಬಿಡಲಿಲ್ಲ.

ಒಂದು ಕಟ್ಟಿಗೆ ಹತ್ತಿರ ಹತ್ತಿರ ಎರಡು ವಾರ ಹಿಡಿಯಿತು. ಆಡಳಿತದವರು ಕೇಳಿದ್ದು ಒಂದೇ ಪ್ರಶ್ನೆ, ಹೀಗಾದರೆ ಮುಗಿಯುವುದು ಯಾವಾಗ? ನ್ಯಾಯವಾದ ಪ್ರಶ್ನೆ. ಎಲ್ಲ ಕಟ್ಟಿಗೂ ಇಷ್ಟು ಹೊತ್ತು ಕೊಡಲಾಗದು. 'ಜ್ಯೋತಿಷ್ಯ, ಅಸಮಗ್ರ' ಎಂದು ಬರೆದಿರುವ ಕಟ್ಟುಗಳನ್ನು ಮಾತ್ರ ಒಳಗಿನ ತುಂಡುಗಳ ಮಟ್ಟಕ್ಕೆ ನೋಡುವುದು, ಉಳಿದವನ್ನು ಹಳೆಯ ಪಟ್ಟಿಯಂತೆಯೇ ಏರಿಸುವುದು ಎಂದು ಒಪ್ಪಂದವಾಯಿತು. ಹಾಗೆ ನೋಡಿದ ಕೆಲವೇ ಕಟ್ಟುಗಳಲ್ಲಿ ಇನ್ನೂ ಮೂರು ಕಡೆ ಲೆಕ್ಕದ ಗರಿ ಸಿಕ್ಕಿತು, ಒಂದು ವೈದ್ಯದ ಕಟ್ಟಿನಲ್ಲಿ, ತೂಕದ ಕೋಷ್ಟಕವಾಗಿ. ಸಂಶೋಧಕರಿಗೆ ಹೊಸ ಪಟ್ಟಿ ಕಳಿಸಿದೆವು. ಛಂದಸ್ಸಿನ ಕಡೆ ತಾವು ಯಾವತ್ತೂ ಹುಡುಕುತ್ತಿರಲಿಲ್ಲ ಎಂದು ಉತ್ತರ ಬರೆದರು.

ಇಂಥ ಕೆಲಸಕ್ಕೆ ಕೈಹಾಕುವವರಿಗೆ ನಾನು ಹೇಳುವುದು ಇಷ್ಟು. ಹಳೆಯ ಪಟ್ಟಿಯಲ್ಲಿ ತಪ್ಪು ಕಂಡರೆ ತಿದ್ದುವ ಮುನ್ನ ಅದು ಯಾವ ವಿಂಗಡಣೆಯ ಪ್ರಕಾರ ಸರಿ ಎಂದು ಕೇಳಿ ನೋಡಿ. ನಮ್ಮ ದಫ್ತರದ ಹಿರಿಯರು ಸ್ಕಂಧತ್ರಯದ ಪ್ರಕಾರ ಸರಿಯಾಗಿಯೇ ಬರೆದಿದ್ದರು. ಮೊದಲ ವಾರದಲ್ಲೇ ಈ ಪ್ರಶ್ನೆ ಕೇಳಿಕೊಂಡಿದ್ದರೆ ಪಂಡಿತರೊಡನೆ ನನ್ನ ಅರ್ಧ ಜಗಳ ಉಳಿಯುತ್ತಿತ್ತು. ಮತ್ತೆ, ಗಣಿತ ಬಲ್ಲವನೊಬ್ಬನೇ ಕೂತು ಇದನ್ನು ಮಾಡಬಾರದು. ದಾರದ ತೂತು ನೋಡಿದವರು ಮೇಡಂ, ತತ್ತ್ವ ಏಳು ಎಂದವರು ಹಿರಿಯರು, ಕುಟ್ಟಕದ ಮೂರು ಮನೆ ತೋರಿಸಿದವರು ಪಂಡಿತರು. ನಾನು ಸೊನ್ನೆ ಎಣಿಸಿದೆ.

ಹಳೆಯ ದಫ್ತರದ 'ಜ್ಯೋತಿಷ್ಯ' ಎಂಬ ಮಾತನ್ನು ಹೊಡೆದುಹಾಕಿಲ್ಲ. ಅದರ ಕೆಳಗೆ ಸೀಸದ ಕಡ್ಡಿಯಲ್ಲಿ, ಅಳಿಸಲು ಬರುವ ಹಾಗೆ, 'ಅ ಇಂದ ಉ ವರೆಗೆ ನೋಡಿ' ಎಂದು ಮೇಡಂ ಬರೆದಿದ್ದಾರೆ. ಕಟ್ಟು ಈಗಲೂ ಜ್ಯೋತಿಷದ ಕಪಾಟಿನಲ್ಲೇ ಇದೆ, ಇದ್ದ ಜಾಗದಲ್ಲೇ, ಹೊಸ ದಾರದಲ್ಲಿ.